ಚಿನ್ನಸ್ವಾಮಿ ಕ್ರೀಡಾಂಗಣ: ಗೇಟಿನ ಹೊರಗೇ ಉಳಿದ ಪ್ರಶ್ನೆ

ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯಗಳು ಇನ್ನು ಮುಂದೆಯೂ ನಡೆಯಬೇಕೇ ಅಥವಾ ಅವುಗಳನ್ನು ಊರ ಹೊರಗೆ ಸಾಗಿಸಬೇಕೇ ಎಂಬ ಚರ್ಚೆ 2025ರ ಜೂನ್ 4ರ ದುರಂತದ ನಂತರ ನಿಂತಿಲ್ಲ. ಅಂದು 11 ಮಂದಿ ಪ್ರಾಣ ಕಳೆದುಕೊಂಡರು, 50ಕ್ಕೂ ಹೆಚ್ಚು ಜನ ಗಾಯಗೊಂಡರು. ಆಮೇಲೆ ಅಧಿಕಾರಿಗಳ ಅಮಾನತು, ವಿಚಾರಣಾ ಆಯೋಗ, ಪಂದ್ಯಗಳ ಸ್ಥಳಾಂತರ, ಹೊಸ ಕ್ರೀಡಾಂಗಣದ ಘೋಷಣೆ, ಕೊನೆಗೆ ಷರತ್ತುಬದ್ಧ ಅನುಮತಿ, ಹೀಗೆ ಒಂದಾದ ಮೇಲೊಂದು ನಡೆದುಹೋದವು. ಇಷ್ಟೆಲ್ಲದರ ನಡುವೆ ಒಂದು ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನಗೆ ಅನಿಸುತ್ತದೆ. ಜನ ಸತ್ತದ್ದು ಕ್ರೀಡಾಂಗಣದ ಆಸನಗಳಲ್ಲಿ ಅಲ್ಲ, ಅದರ ಗೇಟುಗಳ ಬಳಿ. ಅಂದರೆ ರಸ್ತೆಗೂ ಕಾಂಪೌಂಡ್ ಗೋಡೆಗೂ ನಡುವೆ ಇರುವ, ಯಾರ ನಕ್ಷೆಯಲ್ಲಿಯೂ ಕ್ರೀಡಾಂಗಣದ ಭಾಗವೆಂದು ಗುರುತಾಗದ ಕಿರಿದಾದ ಪಟ್ಟಿಯಲ್ಲಿ. ಈ ಪಟ್ಟಿ ಹೀಗೇಕೆ ಉಳಿಯಿತು ಎಂಬುದನ್ನು ತಿಳಿಯಬೇಕಾದರೆ ಐದು ದಶಕಗಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಚಿನ್ನಸ್ವಾಮಿ ಕ್ರೀಡಾಂಗಣ ಬರುವ ಮುನ್ನ ಬೆಂಗಳೂರಿನ ದೊಡ್ಡ ಕ್ರಿಕೆಟ್ ಎಂದರೆ ಸೆಂಟ್ರಲ್ ಕಾಲೇಜಿನ ಮೈದಾನ. ಆಗ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಎಂದು ಕರೆಯಲಾಗುತ್ತಿದ್ದ ಇಂದಿನ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ (ಕೆಎಸ್‌ಸಿಎ) ಸ್ವಂತದ್ದೊಂದು ಅಂಗಣ ಬೇಕೆಂದು ಪಟ್ಟುಹಿಡಿದು, ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸರ್ಕಾರದಿಂದ ದೀರ್ಘಾವಧಿ ಗುತ್ತಿಗೆಗೆ ಜಾಗ ಸಿಗುವಂತೆ ನೋಡಿಕೊಂಡವರಲ್ಲಿ ಮುಖ್ಯರು ವಕೀಲರಾಗಿದ್ದ ಎಂ. ಚಿನ್ನಸ್ವಾಮಿ. ಅವರು ನಾಲ್ಕು ದಶಕಗಳ ಕಾಲ ರಾಜ್ಯದ ಕ್ರಿಕೆಟ್ ಆಡಳಿತದಲ್ಲಿ ದುಡಿದವರು, 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರೂ ಆಗಿದ್ದರು. 1969ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಗಿ, 1970ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. 1972-73ರ ಋತುವಿನ ಹೊತ್ತಿಗೆ ಪ್ರಥಮ ದರ್ಜೆ ಪಂದ್ಯಗಳು ನಡೆಯತೊಡಗಿದವು. ಆಗ ಇದ್ದ ಹೆಸರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣ ಎಂದಷ್ಟೆ. ಚಿನ್ನಸ್ವಾಮಿ ಅವರ ಹೆಸರು ಆಮೇಲೆ ಬಂತು.

ಆ ಜಾಗ 16-17 ಎಕರೆ. ಪಶ್ಚಿಮಕ್ಕೆ ಕ್ವೀನ್ಸ್ ರಸ್ತೆ, ಉತ್ತರಕ್ಕೆ ಕಬ್ಬನ್ ರಸ್ತೆ, ದಕ್ಷಿಣಕ್ಕೆ ಮಹಾತ್ಮ ಗಾಂಧಿ ರಸ್ತೆ, ಇನ್ನೊಂದು ಬದಿಗೆ ಲಿಂಕ್ ರಸ್ತೆ. ನಾಲ್ಕೂ ಕಡೆ ರಸ್ತೆಯ ಅಂಚಿಗೇ ಗೋಡೆ ಬಂದುನಿಂತಿದೆ. ಅಂಗಣ, ಸ್ಟ್ಯಾಂಡ್, ಪೆವಿಲಿಯನ್, ಕ್ಲಬ್ ಹೌಸ್, ಅಭ್ಯಾಸದ ನೆಟ್ಸ್ ಎಲ್ಲವೂ ಒಳಗೆ ಸೇರಿದ ಮೇಲೆ ಬರುವ ಜನ ನಿಂತುಕೊಳ್ಳಲೆಂದು ಒಳಗೆ ಬಿಟ್ಟ ಬಯಲು ಬಹಳ ಕಡಿಮೆ. ಇದನ್ನು ಅಂದಿನವರ ತಪ್ಪೆಂದು ಎಣಿಸುವುದು ನ್ಯಾಯವಲ್ಲ. ಐದು ದಿನದ ಟೆಸ್ಟ್ ಪಂದ್ಯಕ್ಕೆ ಜನ ಬರುವ ರೀತಿಯೇ ಬೇರೆ. ಬೆಳಿಗ್ಗೆ ಕೆಲವರು, ಊಟದ ಹೊತ್ತಿಗೆ ಕೆಲವರು, ಕಚೇರಿಯಿಂದ ತಪ್ಪಿಸಿಕೊಂಡು ಚಹಾ ವಿರಾಮದ ಹೊತ್ತಿಗೆ ಇನ್ನು ಕೆಲವರು ಬರುತ್ತಿದ್ದರು. ಹೋಗುವುದೂ ಹಾಗೆಯೇ, ಬೇಸರವಾದವರು ಎದ್ದು ಹೋಗುತ್ತಿದ್ದರು. ಗೇಟಿನ ಮೇಲೆ ಒಂದೇ ಗಳಿಗೆಯಲ್ಲಿ ಒತ್ತಡ ಬೀಳುವ ಸಂದರ್ಭ ಅಪರೂಪವಾಗಿತ್ತು. ಸುತ್ತಲಿನ ರಸ್ತೆಗಳಲ್ಲೂ ಇಂದಿನ ವಾಹನಗಳ ಒಂದು ಚೂರು ಪಾಲೂ ಇರಲಿಲ್ಲ.

ಇಲ್ಲಿ ನಡೆದ ಮೊದಲ ಟೆಸ್ಟ್ 1974ರ ನವೆಂಬರ್‌ನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಕ್ರಿಕೆಟ್‌ಗೆ ಕಾಲಿಟ್ಟದ್ದು ಆ ಪಂದ್ಯದಲ್ಲಿ. ಗ್ರೀನಿಜ್ 93 ಮತ್ತು 107 ರನ್ ಹೊಡೆದರೆ, ರಿಚರ್ಡ್ಸ್ ಅವರನ್ನು ಎರಡೂ ಇನಿಂಗ್ಸ್‌ಗಳಲ್ಲಿ ಒಂದಂಕಿಗೆ ಹಿಂದಿರುಗಿಸಿದವರು ನಮ್ಮ ಬಿ.ಎಸ್. ಚಂದ್ರಶೇಖರ್. ಭಾರತ 267 ರನ್‌ಗಳಿಂದ ಸೋತಿತಾದರೂ, ಅದೇ ವರ್ಷದ ಆರಂಭದಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕ ತಂಡ, ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದಿದ್ದ ಬಾಂಬೆಯನ್ನು ಹೊರಹಾಕಿ, ಮುಂದೆ ಮೊದಲ ಬಾರಿಗೆ ರಣಜಿ ಗೆದ್ದ ಸಂಭ್ರಮ ಊರಿನಲ್ಲಿ ಇನ್ನೂ ಹಸಿಯಾಗಿತ್ತು. ಗುಂಡಪ್ಪ ವಿಶ್ವನಾಥ್, ಬ್ರಿಜೇಶ್ ಪಟೇಲ್, ಪ್ರಸನ್ನ, ಚಂದ್ರಶೇಖರ್ ಅವರ ಆಟ ನೋಡಿ ಬೆಳೆದ ತಲೆಮಾರಿಗೆ ಈ ಕ್ರೀಡಾಂಗಣ ಮನೆಯ ಅಂಗಳದಂತೆಯೇ ಆಗಿಹೋಯಿತು. 1987ರಲ್ಲಿ ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್ ಆಡಿ, ಚೆಂಡು ಸಿಕ್ಕಾಪಟ್ಟೆ ತಿರುಗುತ್ತಿದ್ದ ಪಿಚ್ಚಿನಲ್ಲಿ 96 ರನ್ ಗಳಿಸಿದ್ದೂ, ಭಾರತ ಪಾಕಿಸ್ತಾನಕ್ಕೆ 16 ರನ್‌ಗಳಿಂದ ಸೋತದ್ದೂ ಇಲ್ಲಿಯೇ.

ನನ್ನ ದೃಷ್ಟಿಯಲ್ಲಿ ಕ್ರೀಡಾಂಗಣದ ಬಾಳು ಬದಲಾದದ್ದು 1996ರ ಮಾರ್ಚ್ 9ರಂದು. ವಿಶ್ವಕಪ್ಪಿಗೆಂದು ಹೊನಲುಬೆಳಕಿನ ಕಂಬಗಳು ಬಂದವು. ಅವುಗಳ ಕೆಳಗೆ ನಡೆದ ಮೊದಲ ಪಂದ್ಯವೇ ಭಾರತ-ಪಾಕಿಸ್ತಾನದ ಕ್ವಾರ್ಟರ್ ಫೈನಲ್. ಸಿಧು 93, ಅಜಯ್ ಜಡೇಜಾ 25 ಎಸೆತಗಳಲ್ಲಿ 45, ಆಮೇಲೆ ಬ್ಯಾಟು ತೋರಿಸಿ ಕೆಣಕಿದ ಅಮೀರ್ ಸೊಹೈಲ್ ಅವರ ಸ್ಟಂಪನ್ನು ಮರು ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಉರುಳಿಸಿದ ಪ್ರಸಂಗ, ಇದೆಲ್ಲ ಕನ್ನಡಿಗರಿಗೆ ಬಾಯಿಪಾಠ. ಆದರೆ ಪ್ರೇಕ್ಷಕನ ದಿನಚರಿಯ ಲೆಕ್ಕದಲ್ಲಿ ನೋಡಿದರೆ ಅಂದು ಆದ ದೊಡ್ಡ ಬದಲಾವಣೆ ಬೇರೆ. ಪಂದ್ಯ ರಾತ್ರಿಗೆ ಸರಿಯಿತು. ಎಲ್ಲರೂ ಒಟ್ಟಿಗೆ ಬಂದು ಒಟ್ಟಿಗೆ ಹೊರಡುವ ಪದ್ಧತಿ ಶುರುವಾಯಿತು. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ಇಲ್ಲೇ ನಡೆದು, ಬ್ರೆಂಡನ್ ಮೆಕಲಂ 158 ರನ್ ಸಿಡಿಸಿದ ಮೇಲೆ ಆ ಪದ್ಧತಿ ಪೂರ್ತಿ ಬೇರೂರಿತು. ಹಿಂದೆ ಐದು ದಿನಗಳಿಗೆ ಹಂಚಿಹೋಗುತ್ತಿದ್ದ ಜನ ಈಗ ಕಚೇರಿ ಬಿಟ್ಟ ಮೇಲಿನ ಒಂದೂವರೆ ತಾಸಿನಲ್ಲಿ ಅದೇ ಗೇಟುಗಳ ಮುಂದೆ ಬಂದು ನಿಲ್ಲುತ್ತಾರೆ. ಅದೂ ನಗರದ ಅತ್ಯಂತ ದಟ್ಟ ಸಂಚಾರದ ವೇಳೆಯಲ್ಲಿ.

ಈ ಅವಧಿಯಲ್ಲಿ ಅಂಗಣದ ಒಳಗೆ ಆದ ಸುಧಾರಣೆ ಸಣ್ಣದಲ್ಲ. 2015ರಲ್ಲಿ ಸ್ಟ್ಯಾಂಡಿನ ಚಾವಣಿಯ ಮೇಲೆ ಸೌರ ಫಲಕಗಳು ಬಂದವು. ಅದೇ ವರ್ಷದ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್, ಎಬಿ ಡಿವಿಲಿಯರ್ಸ್ ಅವರ ನೂರನೆಯ ಟೆಸ್ಟ್, ಮೊದಲ ದಿನದ ಆಟ ಬಿಟ್ಟರೆ ಪೂರ್ತಿ ಮಳೆಗೆ ಕೊಚ್ಚಿಹೋಯಿತು. ಅದರ ಬೆನ್ನಿಗೇ ಸಬ್‌ಏರ್ ಎಂಬ ವ್ಯವಸ್ಥೆಯನ್ನು ತರಿಸಿ, ಇಡೀ ಅಂಗಣವನ್ನು ಅಗೆದು, ಹುಲ್ಲಿನಡಿ ರಂಧ್ರವಿರುವ ಕೊಳವೆಗಳ ಜಾಲ ಹಾಸಿ, ಅದಕ್ಕೆ ನೀರು ಹೀರುವ ಯಂತ್ರಗಳನ್ನು ಜೋಡಿಸಲಾಯಿತು. 2017ರ ಜನವರಿಯಲ್ಲಿ ಅದು ಬಳಕೆಗೆ ಬಂತು. ನಿಮಿಷಕ್ಕೆ 10,000 ಲೀಟರ್ ನೀರನ್ನು ಹೊರಹಾಕಬಲ್ಲದು ಎಂಬ ಲೆಕ್ಕ ಆಗ ಕೊಡಲಾಗಿತ್ತು. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗುವುದನ್ನು ನೋಡಿ ಬೇರೆ ರಾಜ್ಯಗಳವರು ಬೆರಗಾದದ್ದು ನಿಜ, ಆ ಹೆಮ್ಮೆಗೆ ಕೆಎಸ್‌ಸಿಎ ಅರ್ಹವೂ ಹೌದು. ಆದರೆ ಒಂದು ನಿಮಿಷದಲ್ಲಿ ಅಂಗಣದಿಂದ ಎಷ್ಟು ಲೀಟರ್ ನೀರು ಹೊರಹೋಗಬೇಕೆಂದು ಅಳೆದ ಹಾಗೆ, ಒಂದು ನಿಮಿಷದಲ್ಲಿ ಪ್ರತಿ ಗೇಟಿನಿಂದ ಎಷ್ಟು ಜನ ಒಳಬರಬಲ್ಲರು, ಎಷ್ಟು ಜನ ಹೊರಹೋಗಬಲ್ಲರು ಎಂಬುದನ್ನು ಅಳೆದು ಜನರ ಮುಂದಿಟ್ಟದ್ದಿಲ್ಲ.

ಪ್ರೇಕ್ಷಕನ ಅನುಭವವನ್ನು ಹತ್ತಿರದಿಂದ ನೋಡಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಪಂದ್ಯದ ಸಂಜೆ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಮೊದಲು ಎದುರಾಗುವುದು ಕೆನ್ನೆಗೆ ಬಣ್ಣ ಬಳಿಯುವವರು, ಜೆರ್ಸಿ ಮತ್ತು ಬಾವುಟ ಮಾರುವವರು. ಆ ಗದ್ದಲದಲ್ಲಿ ಟಿಕೆಟಿನ ಮೇಲಿರುವ ಗೇಟಿನ ಸಂಖ್ಯೆ ಯಾವ ರಸ್ತೆಗೆ ಸೇರಿದ್ದು ಎಂದು ಕೇಳಿಕೊಂಡು ಹೋಗಬೇಕು. ಅದು ಕಾಂಪೌಂಡಿನ ಆಚೆ ಬದಿಗಿದ್ದರೆ ಫುಟ್‌ಪಾತಿನ ಮೇಲೆ ಮರದ ಬುಡ, ಚರಂಡಿಯ ಕಲ್ಲುಚಪ್ಪಡಿ, ಕಬ್ಬಿಣದ ಬ್ಯಾರಿಕೇಡುಗಳನ್ನು ದಾಟಿಕೊಂಡು ಅರ್ಧ ಸುತ್ತು ಬರಬೇಕು. ಸಾಲು ಎಂಬುದು ಆರಂಭವಾಗುವುದು ಸಾರ್ವಜನಿಕ ರಸ್ತೆಯಲ್ಲಿಯೇ. ಒಂದು ಬದಿಗೆ ವಾಹನಗಳು, ಇನ್ನೊಂದು ಬದಿಗೆ ಗೋಡೆ. ಸಾಲಿನ ತುದಿಯಲ್ಲಿ ಅರ್ಧ ತೆರೆದ ಗೇಟು, ಟಿಕೆಟ್ ಸ್ಕ್ಯಾನ್ ಮಾಡುವವರು, ಮೈ ತಡವುವ ಪೊಲೀಸರು, ಹೆಂಗಸರ ತಪಾಸಣೆಗೆ ಬಟ್ಟೆಯ ಮರೆ. ಬ್ಯಾಗು, ನೀರಿನ ಬಾಟಲಿ, ಪವರ್ ಬ್ಯಾಂಕ್ ಬಿಡುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಾಗುವುದು ಆ ಗೇಟಿನ ಮುಂದೆಯೇ. ಕಚೇರಿಯಿಂದ ನೇರವಾಗಿ ಬಂದವನು ಲ್ಯಾಪ್‌ಟಾಪ್ ಚೀಲ ಹಿಡಿದು, ಹಿಂದಿನಿಂದ ನೂಕುತ್ತಿರುವ ಸಾಲಿನ ವಿರುದ್ಧ ದಿಕ್ಕಿಗೆ ಹೊರಬಂದು, ಅದನ್ನಿಡಲು ಜಾಗ ಹುಡುಕಬೇಕು. ಒಬ್ಬನೇ ಒಬ್ಬ ಹೀಗೆ ತಿರುಗಿ ಬಂದರೂ ಇಡೀ ಸಾಲು ಅಲುಗಾಡುತ್ತದೆ.

ಒಳಹೊಕ್ಕ ಮೇಲೆ ಮಾತೇ ಬೇರೆ. ಸ್ಟ್ಯಾಂಡಿನ ಅಡಿಯ ಮಬ್ಬು ಹಾದಿಯಲ್ಲಿ ನಡೆದು, ನಾಲ್ಕು ಮೆಟ್ಟಿಲು ಹತ್ತಿದೊಡನೆ ಬೆಳಕು ಚೆಲ್ಲಿದ ಹಸಿರು ಅಂಗಣ ಕಣ್ಣಿಗೆ ತುಂಬುತ್ತದೆ. ಇಲ್ಲಿ ಬೌಂಡರಿ ಚಿಕ್ಕದು, ಪ್ರೇಕ್ಷಕರಿಗೂ ಆಟಗಾರರಿಗೂ ಇರುವ ದೂರ ಕಡಿಮೆ. ಕ್ರಿಸ್ ಗೇಲ್ 2013ರ ಏಪ್ರಿಲ್‌ನಲ್ಲಿ 175 ರನ್ ಹೊಡೆದಾಗ ಚೆಂಡು ಚಾವಣಿಗೆ ಬಡಿದ ಸದ್ದನ್ನು ಕಿವಿಯಾರೆ ಕೇಳಿದವರಿದ್ದಾರೆ. ಅದೇ ವರ್ಷದ ನವೆಂಬರ್‌ನಲ್ಲಿ ರೋಹಿತ್ ಶರ್ಮಾ ಏಕದಿನ ಪಂದ್ಯದಲ್ಲಿ 209 ರನ್ ಗಳಿಸಿದ್ದೂ ಇದೇ ಅಂಗಣದಲ್ಲಿ. 2011ರ ವಿಶ್ವಕಪ್‌ನಲ್ಲಿ ಭಾರತ ಮತ್ತು ಇಂಗ್ಲೆಂಡ್ ತಲಾ 338 ರನ್ ಗಳಿಸಿ ಸಮ ಮಾಡಿಕೊಂಡದ್ದು, ಮೂರೇ ದಿನಗಳ ನಂತರ ಐರ್ಲೆಂಡಿನ ಕೆವಿನ್ ಒಬ್ರಿಯನ್ 50 ಎಸೆತಗಳ ಶತಕದಿಂದ ಅದೇ ಇಂಗ್ಲೆಂಡನ್ನು ಮಣಿಸಿದ್ದು ಇವೆಲ್ಲ ಟಿವಿಯಲ್ಲಿ ನೋಡಿದವರಿಗಿಂತ ಇಲ್ಲಿ ಕುಳಿತು ನೋಡಿದವರ ಬಾಯಲ್ಲಿ ಬೇರೆಯೇ ಕಥೆಗಳು. ಸ್ಪಿನ್ ಬೌಲರ್ ಚೆಂಡು ಕೈಯಿಂದ ಬಿಡುವುದು ಕಾಣುವಷ್ಟು ಹತ್ತಿರದ ಅಂಗಣಗಳು ಈಗ ಕಟ್ಟುತ್ತಿರುವ ಬೃಹತ್ ಕ್ರೀಡಾಂಗಣಗಳಲ್ಲಿ ಸಿಗುವುದಿಲ್ಲ. ಈ ಸಾಮೀಪ್ಯವೇ ಚಿನ್ನಸ್ವಾಮಿಯ ನಿಜವಾದ ಆಸ್ತಿ. ಇದನ್ನು ಕಳೆದುಕೊಳ್ಳುವ ಮಾತಾಡುವ ಮುನ್ನ ಎರಡು ಸಲ ಯೋಚಿಸಬೇಕು.

ಗೇಟಿನ ಲೆಕ್ಕಕ್ಕೆ ಬರೋಣ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿ ಒಂದು ಪ್ರವೇಶ ದ್ವಾರದಲ್ಲಿ ತಾಸಿಗೆ ಹೆಚ್ಚೆಂದರೆ 660 ಜನ ಎಂದು ಎಣಿಸಲು ಹೇಳುತ್ತದೆ. ಅದು ಸಲೀಸಾಗಿ ಸಾಗುವ ಸಾಲಿನ ಮಾತು. ಮೈ ತಡವಿ ನೋಡಲು ಒಬ್ಬರಿಗೆ 10 ಸೆಕೆಂಡ್ ಹಿಡಿದರೂ ಒಂದು ಸಾಲಿನಲ್ಲಿ ತಾಸಿಗೆ 360 ಜನರಷ್ಟೇ ದಾಟುತ್ತಾರೆ. ಚಿನ್ನಸ್ವಾಮಿಯ ಸುಮಾರು 35,000 ಪ್ರೇಕ್ಷಕರಲ್ಲಿ ಅರ್ಧದಷ್ಟು ಜನ ಪಂದ್ಯಕ್ಕೆ ಮುಂಚಿನ ಒಂದು ತಾಸಿನಲ್ಲಿ ಬಂದರೆಂದುಕೊಂಡರೆ ಸುಮಾರು 49 ತಪಾಸಣಾ ಸಾಲುಗಳು ಒಂದೇ ಸಮನೆ ಕೆಲಸ ಮಾಡುತ್ತಿರಬೇಕು. 30 ಸಾಲುಗಳಿದ್ದರೆ ಆಟ ಶುರುವಾಗುವ ಹೊತ್ತಿಗೆ 6,700 ಜನ ಇನ್ನೂ ಹೊರಗಿರುತ್ತಾರೆ. ಚದರ ಮೀಟರಿಗೆ ಇಬ್ಬರಂತೆ ನೆಮ್ಮದಿಯಾಗಿ ನಿಲ್ಲಬೇಕೆಂದರೆ, ಮೂರು ಮೀಟರ್ ಅಗಲದ ಫುಟ್‌ಪಾತಿನಲ್ಲಿ ಅವರ ಸಾಲು ಒಂದು ಕಿಲೋಮೀಟರ್ ಮೀರುತ್ತದೆ. ಒಳಗಿಂದ ಟಾಸಿನ ಕೂಗು, ಮೊದಲ ವಿಕೆಟಿನ ಕೂಗು ಕೇಳಿಬರುವಾಗ ಆ ಸಾಲು ನೆಮ್ಮದಿಯಾಗಿ ನಿಲ್ಲುವುದಿಲ್ಲ, ಮುಂದಕ್ಕೆ ಒತ್ತುತ್ತದೆ. ಇದು ಯಾವುದೇ ಸಾಮಾನ್ಯ ಐಪಿಎಲ್ ಪಂದ್ಯದ ಸಂಜೆಯ ಲೆಕ್ಕ. ಎಲ್ಲರ ಕೈಯಲ್ಲೂ ಟಿಕೆಟಿದ್ದು, ಎಲ್ಲರಿಗೂ ಕುರ್ಚಿ ಕಾದಿರಿಸಿದ್ದಾಗ ಬರುವ ಲೆಕ್ಕ.

ಮುನ್ಸೂಚನೆಗಳು ಇರಲಿಲ್ಲವೆಂದಲ್ಲ. 2010ರ ಏಪ್ರಿಲ್ 17ರಂದು ಪಂದ್ಯಕ್ಕೆ ಸ್ವಲ್ಪ ಮುಂಚೆ ಕ್ರೀಡಾಂಗಣದ ಗೋಡೆಯ ಬಳಿ ಬಾಂಬ್‌ಗಳು ಸಿಡಿದು ಹಲವರು ಗಾಯಗೊಂಡರು. ಅಲ್ಲಿಂದಾಚೆ ತಪಾಸಣೆ ಬಿಗಿಯಾಯಿತು, ಆಗಲೇಬೇಕಿತ್ತು. ಆದರೆ ತಪಾಸಣೆ ಬಿಗಿಯಾದಷ್ಟೂ ಸಾಲು ನಿಧಾನವಾಗುತ್ತದೆ, ನಿಧಾನವಾದ ಸಾಲಿಗೆ ಹೆಚ್ಚು ಜಾಗ ಬೇಕಾಗುತ್ತದೆ ಎಂಬುದಕ್ಕೆ ತಕ್ಕ ಏರ್ಪಾಡು ಆಗಲಿಲ್ಲ. 2011ರ ಫೆಬ್ರವರಿಯಲ್ಲಿ ಭಾರತ-ಇಂಗ್ಲೆಂಡ್ ಪಂದ್ಯದ ಟಿಕೆಟ್‌ಗಾಗಿ ರಾತ್ರಿಯಿಡೀ ಕಾದಿದ್ದ ಜನರ ಮೇಲೆ ಬೆಳಿಗ್ಗೆ ಲಾಠಿ ಬೀಸಲಾಯಿತು. ಕೋಲ್ಕತ್ತದಿಂದ ಕೊನೆಗಳಿಗೆಯಲ್ಲಿ ಇಲ್ಲಿಗೆ ಬಂದ ಪಂದ್ಯವಾದ್ದರಿಂದ ಸಿದ್ಧತೆಗೆ ಸಮಯ ಸಾಲಲಿಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಅಂದೂ ಜನ ಗುಂಪುಗೂಡಿದ್ದು ಅದೇ ಫುಟ್‌ಪಾತಿನಲ್ಲಿ, ಅದೇ ಗೋಡೆಯ ಪಕ್ಕದಲ್ಲಿ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದು, ಹದಿನೆಂಟನೆಯ ಋತುವಿನಲ್ಲಿ ಮೊದಲ ಬಾರಿ ಐಪಿಎಲ್ ಕಪ್ ಎತ್ತಿತು. ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಎಂದು ಕೂಗಿ, ಪ್ರತಿ ವರ್ಷ ಸೋತು, ಆದರೂ ತಂಡವನ್ನು ಬಿಟ್ಟುಕೊಡದ ಅಭಿಮಾನಿಗಳ ಸಂತೋಷಕ್ಕೆ ಅಂದು ಎಲ್ಲೆಯಿರಲಿಲ್ಲ. ಮಾರನೆಯ ದಿನವೇ ವಿಧಾನಸೌಧದ ಮುಂದೆ ಸನ್ಮಾನ, ಅದರ ಬೆನ್ನಿಗೇ ಚಿನ್ನಸ್ವಾಮಿಯಲ್ಲಿ ಸಂಭ್ರಮ ಎಂದು ಗೊತ್ತಾಯಿತು. ವಿಜಯಯಾತ್ರೆ ಇದೆ, ಉಚಿತ ಪಾಸು ಸಿಗುತ್ತದೆ ಎಂಬ ಸುದ್ದಿ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತು. ಯಾತ್ರೆ ಇಲ್ಲವೆಂದು ಪೊಲೀಸರು ಹೇಳಿದ ಮೇಲೂ ಇದೆ ಎಂಬ ಪ್ರಕಟಣೆ ಬಂತು. ನಮ್ಮ ಮೆಟ್ರೊದಲ್ಲಿ ಅಂದು ಒಂದೇ ದಿನ 9.66 ಲಕ್ಷ ಜನ ಸಂಚರಿಸಿದರು, ಅದು ಅಲ್ಲಿಯವರೆಗಿನ ದಾಖಲೆ. ಕ್ರೀಡಾಂಗಣದ ಸುತ್ತ ಸೇರಿದವರು ಎರಡರಿಂದ ಮೂರು ಲಕ್ಷ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಚದರ ಮೀಟರಿಗೆ ನಾಲ್ವರಂತೆ ಒತ್ತಿ ನಿಂತರೂ ಮೂರು ಲಕ್ಷ ಜನರಿಗೆ ಹದಿನೆಂಟೂವರೆ ಎಕರೆ ಬೇಕು, ಅಂದರೆ ಕ್ರೀಡಾಂಗಣದ ಇಡೀ ನಿವೇಶನಕ್ಕಿಂತ ಹೆಚ್ಚು. ಟಿಕೆಟ್ ಇಲ್ಲದ ಕಾರ್ಯಕ್ರಮವಾದ್ದರಿಂದ ಯಾರು ಒಳಗೆ ಹೋಗಬೇಕಾದವರು, ಯಾರು ಹೋಗಬಾರದವರು ಎಂದು ಗೇಟಿನಲ್ಲಿ ನಿಂತವರಿಗೂ ತಿಳಿಯದು, ಬಂದವರಿಗೂ ತಿಳಿಯದು. ಗೇಟು ತೆರೆದಾಗ ಎಲ್ಲರೂ ಅದರತ್ತ ನುಗ್ಗಿದರು. ಸತ್ತವರಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿಯಿದ್ದಳು, ಆಗಷ್ಟೇ ದುಡಿಮೆ ಹಿಡಿದ ಹರೆಯದವರಿದ್ದರು.

ಇಂಥ ಸಾವುಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಜನ ಗಾಬರಿಗೊಂಡು ಓಡುತ್ತಾರೆ, ಬಿದ್ದವರನ್ನು ತುಳಿಯುತ್ತಾರೆ, ಆದ್ದರಿಂದ ತಪ್ಪು ಗುಂಪಿನದೇ ಎಂಬ ಮಾತದು. ಗುಂಪಿನ ಚಲನೆಯನ್ನು ಅಭ್ಯಾಸ ಮಾಡಿದವರು ದಶಕಗಳಿಂದ ಹೇಳುತ್ತಿರುವುದು ಬೇರೆ. ಚದರ ಮೀಟರಿಗೆ ಐದು ಜನ ಮೀರಿದ ಮೇಲೆ ಅಪಾಯ ಏರತೊಡಗುತ್ತದೆ. ಏಳರ ಸುಮಾರಿಗೆ ಗುಂಪು ಹೆಚ್ಚುಕಡಿಮೆ ದ್ರವದಂತೆ ಹೊಯ್ದಾಡುತ್ತದೆ, ಯಾರೊಬ್ಬರಿಗೂ ತಮ್ಮ ಕಾಲ ಮೇಲೆ ಹಿಡಿತ ಉಳಿಯುವುದಿಲ್ಲ. ಬಹುತೇಕ ಸಾವುಗಳು ಎದೆ ಅದುಮಿ ಉಸಿರುಕಟ್ಟಿ ಆಗುತ್ತವೆ, ನಿಂತಲ್ಲೇ ಪ್ರಾಣ ಹೋಗುವುದೂ ಉಂಟು. ಹಿಂದಿರುವವರಿಗೆ ಮುಂದೇನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಹಾಗಾಗಿ ಜನರಿಗೆ ಶಿಸ್ತಿಲ್ಲವೆಂದು ದೂರುವುದರಿಂದ ಒಂದು ಜೀವವೂ ಉಳಿಯದು. ಸಾಂದ್ರತೆ ಆ ಮಟ್ಟ ಮುಟ್ಟುವ ಮೊದಲೇ, ಗೇಟಿನಿಂದ ಬಹಳ ದೂರದಲ್ಲೇ ಜನರ ಹರಿವನ್ನು ತಡೆಯಬೇಕು.

ಘಟನೆಯ ನಂತರ ಸರ್ಕಾರ ನಗರ ಪೊಲೀಸ್ ಆಯುಕ್ತರೂ ಸೇರಿದಂತೆ ಹಲವು ಅಧಿಕಾರಿಗಳನ್ನು ಅಮಾನತು ಮಾಡಿತು. ಪೊಲೀಸರಿಗೆ ಸಮಯವನ್ನೇ ಕೊಡದೆ ಜನರನ್ನು ಕರೆದದ್ದಕ್ಕೆ ಮೇಲ್ನೋಟಕ್ಕೆ ತಂಡವೇ ಹೊಣೆ ಎಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರಂದು ಅಭಿಪ್ರಾಯಪಟ್ಟಿತು. ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಅವರ ಏಕಸದಸ್ಯ ಆಯೋಗ ಅದೇ ತಿಂಗಳು ವರದಿ ಕೊಟ್ಟು, ಈ ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನಸಂದಣಿಗೆ ತಕ್ಕುದಲ್ಲ, ಸುರಕ್ಷಿತವಲ್ಲ ಎಂದು ಹೇಳಿತು. ಸಾರ್ವಜನಿಕ ರಸ್ತೆಯಿಂದ ಪ್ರತ್ಯೇಕವಾದ ಸಾಲಿನ ಜಾಗ, ಸಾಕಷ್ಟು ಗೇಟುಗಳು, ತುರ್ತು ನಿರ್ಗಮನದ ದಾರಿ, ವಾಹನ ನಿಲುಗಡೆ ಇವೆಲ್ಲ ಇರುವ ಜಾಗಕ್ಕೆ ದೊಡ್ಡ ಕಾರ್ಯಕ್ರಮಗಳನ್ನು ಸಾಗಿಸಿ ಎಂಬುದು ಆಯೋಗದ ಸಲಹೆ. ಪರಿಣಾಮವಾಗಿ ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಭಾರತದ ಮಹಿಳೆಯರು ಮೊದಲ ಬಾರಿ ವಿಶ್ವಕಪ್ ಗೆದ್ದದ್ದು ಅಲ್ಲಿ, ನವೆಂಬರ್ 2ರಂದು. ವೆಂಕಟೇಶ್ ಪ್ರಸಾದ್ ಡಿಸೆಂಬರ್‌ನಲ್ಲಿ ಕೆಎಸ್‌ಸಿಎ ಅಧ್ಯಕ್ಷರಾದರು. ಅದೇ ತಿಂಗಳು ವಿಜಯ್ ಹಜಾರೆ ಪಂದ್ಯಗಳಿಗೂ ಅನುಮತಿ ಸಿಗಲಿಲ್ಲ. 2026ರ ಜನವರಿಯಲ್ಲಿ ರಾಜ್ಯ ಸರ್ಕಾರ ಷರತ್ತುಗಳೊಂದಿಗೆ ಮತ್ತೆ ಒಪ್ಪಿಗೆ ಕೊಟ್ಟಿತು.

ಆಯೋಗದ ನಿದಾನ ಸರಿಯಿದೆ ಎಂದು ಒಪ್ಪುತ್ತಲೇ, ಮದ್ದಿನ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಇಂಗ್ಲೆಂಡಿನ ಹಿಲ್ಸ್‌ಬರೋ ದುರಂತವನ್ನು ಇಲ್ಲಿ ನೆನೆಯಬೇಕು. 1989ರ ಏಪ್ರಿಲ್ 15ರಂದು ಅಲ್ಲಿ ಸುಮಾರು 10,000 ಫುಟ್‌ಬಾಲ್ ಪ್ರೇಕ್ಷಕರು ಏಳೇ ಏಳು ಪ್ರವೇಶ ದ್ವಾರಗಳಲ್ಲಿ ಒಳಹೋಗಬೇಕಾಗಿತ್ತು. ಹೊರಗೆ ಒತ್ತಡ ಹೆಚ್ಚಿ, ಪೊಲೀಸರು ನಿರ್ಗಮನದ ಗೇಟು ತೆರೆಸಿದರು. ಒಳನುಗ್ಗಿದ ಜನ ಆಗಲೇ ತುಂಬಿದ್ದ ಕಟಕಟೆಯೊಳಗೆ ಸಿಲುಕಿ 97 ಮಂದಿ ಸತ್ತರು. ಆ ದೇಶ ಕಲಿತ ಪಾಠ ಕ್ರೀಡಾಂಗಣಗಳನ್ನೆಲ್ಲ ಊರಾಚೆ ಒಯ್ಯಬೇಕೆಂಬುದಲ್ಲ. ಕೆಲವು ಹೋದವು, ಅನೇಕವು ಇದ್ದಲ್ಲಿಯೇ ಸುಧಾರಿಸಿದವು. ಲಂಡನ್ನಿನ ಲಾರ್ಡ್ಸ್ ಇವತ್ತಿಗೂ ಮನೆಗಳ ನಡುವೆಯೇ ಇದೆ. ಅಲ್ಲಿನ ಪದ್ಧತಿಯ ತಿರುಳು ಒಂದು ಸರಳ ಸೂತ್ರ. ಕ್ರೀಡಾಂಗಣದ ಸಾಮರ್ಥ್ಯವೆಂದರೆ ಕುರ್ಚಿಗಳ ಸಂಖ್ಯೆಯಲ್ಲ. ನಿಗದಿತ ಸಮಯದಲ್ಲಿ ಎಷ್ಟು ಜನ ಒಳಬರಬಹುದು, ಎಷ್ಟು ಜನ ಒಳಗೆ ಕುಳಿತಿರಬಹುದು, ಪಂದ್ಯ ಮುಗಿದಾಗ ಎಷ್ಟು ಜನ ಹೊರಹೋಗಬಹುದು, ಬೆಂಕಿಯಂಥ ತುರ್ತಿನಲ್ಲಿ ಎಷ್ಟು ಜನ ಪಾರಾಗಬಹುದು ಎಂಬ ನಾಲ್ಕು ಅಳತೆಗಳಲ್ಲಿ ಯಾವುದು ಅತಿ ಕಡಿಮೆಯೋ ಅದೇ ಸಾಮರ್ಥ್ಯ. ಅದನ್ನು ಸ್ಥಳೀಯ ಆಡಳಿತ ಪ್ರಮಾಣಪತ್ರದಲ್ಲಿ ಬರೆದುಕೊಡುತ್ತದೆ, ಅದಕ್ಕಿಂತ ಒಂದು ಟಿಕೆಟ್ ಹೆಚ್ಚು ಮಾರುವಂತಿಲ್ಲ.

ನಮ್ಮಲ್ಲಿ ಎಲ್ಲರ ಬಾಯಲ್ಲಿರುವ 35,000 ಎಂಬ ಅಂಕಿ ಕುರ್ಚಿಗಳದು. ಗೇಟುಗಳ ಅಗಲ, ತಪಾಸಣೆಯ ವೇಗ, ಹೊರಗಿನ ನಿಲ್ಲುವ ಜಾಗ ಇವನ್ನು ಅಳೆದು, ಈಗಿನ ಸ್ಥಿತಿಯಲ್ಲಿ ಇಷ್ಟು ಜನರಿಗಷ್ಟೇ ಅವಕಾಶ ಎಂಬ ಅಂಕಿಯನ್ನು ಷರತ್ತುಗಳ ಜೊತೆಗೆ ಬಹಿರಂಗವಾಗಿ ಪ್ರಕಟಿಸಬೇಕು. ಅದು 28,000 ಎಂದು ಬಂದರೆ 28,000 ಟಿಕೆಟ್ ಮಾತ್ರ ಮಾರಬೇಕು, ಗೇಟು ಅಗಲಿಸಿದ ಮೇಲೆ ಹೆಚ್ಚಿಸಲಿ. 2025ರ ಆಗಸ್ಟ್‌ನಲ್ಲಿ ಸದನ ಸಮಿತಿಗೆ ಹೋದ ಜನಸಂದಣಿ ನಿಯಂತ್ರಣ ಮಸೂದೆಯ ಬಗ್ಗೆ ಚರ್ಚೆ ನಡೆದದ್ದು ಹೆಚ್ಚಾಗಿ ಆಯೋಜಕರಿಗೆ ಎಷ್ಟು ಶಿಕ್ಷೆ ಎಂಬುದರ ಸುತ್ತ. ಶಿಕ್ಷೆ ಸತ್ತ ಮೇಲಿನ ಮಾತು, ಅಳತೆ ಅದಕ್ಕೂ ಮುಂಚಿನದು.

ಜಾಗವಿಲ್ಲ ಎಂಬ ವಾದಕ್ಕೂ ಉತ್ತರವಿದೆ. ಪಂದ್ಯದ ಸಂಜೆ ಕ್ವೀನ್ಸ್ ರಸ್ತೆ ಮತ್ತು ಲಿಂಕ್ ರಸ್ತೆಗಳನ್ನು ನಾಲ್ಕು ತಾಸು ವಾಹನಗಳಿಗೆ ಮುಚ್ಚಿದರೆ ಆ ರಸ್ತೆಗಳೇ ಸಾಲಿನ ಜಾಗವಾಗುತ್ತವೆ. ಮೊದಲ ಟಿಕೆಟ್ ತಪಾಸಣೆ ಗೇಟಿನಲ್ಲಲ್ಲ, ಅನಿಲ್ ಕುಂಬ್ಳೆ ವೃತ್ತದಂಥ ಹೊರಸುತ್ತಿನ ತಿರುವುಗಳಲ್ಲೇ ಆಗಬೇಕು. ಟಿಕೆಟ್ ಇಲ್ಲದವರು ಅಲ್ಲಿಂದಲೇ ಹಿಂದಿರುಗಿದರೆ ಗೇಟಿನ ಮುಂದೆ ಬರುವವರು ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಬ್ಯಾಗು ಇಡುವ ಕೊಠಡಿ ಆ ಹೊರಸುತ್ತಿನಲ್ಲೇ ಇರಬೇಕು, ಗಾಲಿಕುರ್ಚಿಯವರಿಗೂ ಮಕ್ಕಳೊಂದಿಗೆ ಬಂದವರಿಗೂ ಪ್ರತ್ಯೇಕ ದ್ವಾರವಿರಬೇಕು. ಚೆನ್ನೈನಲ್ಲಿ ಐಪಿಎಲ್ ಟಿಕೆಟ್ ಇದ್ದವರಿಗೆ ಮೆಟ್ರೊ ಪ್ರಯಾಣ ಉಚಿತವಾಗಿ ಸಿಕ್ಕಿದೆ. ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕ್ವೀನ್ಸ್ ರಸ್ತೆಯ ಗೇಟಿನವರು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ, ಇನ್ನೊಂದು ಬದಿಯವರು ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿಯುವಂತೆ ಟಿಕೆಟಿನಲ್ಲೇ ಮುದ್ರಿಸಬಹುದು. ಇದಾವುದಕ್ಕೂ ನೂರಾರು ಕೋಟಿ ಬೇಕಿಲ್ಲ. ಮೆಟ್ರೊ, ಬಿಎಂಟಿಸಿ, ಸಂಚಾರ ಪೊಲೀಸರು, ಕೆಎಸ್‌ಸಿಎ ಮತ್ತು ತಂಡದ ಆಡಳಿತ ಒಂದೇ ನಿಯಂತ್ರಣ ಕೊಠಡಿಯಲ್ಲಿ ಕೂರಬೇಕು, ಗೇಟು ಮುಚ್ಚಿಸುವ ಮತ್ತು ಪಂದ್ಯ ತಡಮಾಡಿಸುವ ಅಧಿಕಾರ ಅಲ್ಲಿನ ಒಬ್ಬರ ಕೈಯಲ್ಲಿರಬೇಕು. ಟಿಕೆಟ್ ಇಲ್ಲದ ಮೆರವಣಿಗೆ, ಸನ್ಮಾನಗಳಿಗೆ ಮಾತ್ರ ಈ ಅಂಗಣ ಎಂದೆಂದಿಗೂ ಸಲ್ಲದು. ಆ ವಿಷಯದಲ್ಲಿ ಆಯೋಗದ ಮಾತಿಗೆ ಎರಡು ಮಾತಿಲ್ಲ.

ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಆಸನಗಳ ಹೊಸ ಕ್ರೀಡಾಂಗಣವನ್ನು ಕರ್ನಾಟಕ ಗೃಹ ಮಂಡಳಿಯ ಮೂಲಕ 1,650 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟುವ ಯೋಜನೆ 2025ರ ಆಗಸ್ಟ್‌ನಲ್ಲಿ ಪ್ರಕಟವಾಗಿದೆ. ವಿಶಾಲವಾದ ಜಾಗ ಸಿಗುವುದು ಒಳ್ಳೆಯದೇ. ಆದರೆ ಇದೇ ಅಳತೆಗೋಲನ್ನು ಅಲ್ಲಿಗೂ ಹಿಡಿಯಬೇಕಾಗುತ್ತದೆ. ಅದೇ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೊದ ಹಳದಿ ಮಾರ್ಗ ಬೊಮ್ಮಸಂದ್ರದಲ್ಲಿ ಮುಗಿಯುತ್ತದೆ. ಆರು ಬೋಗಿಯ ರೈಲಿನಲ್ಲಿ 2,000 ಜನರೆಂದು ಧಾರಾಳವಾಗಿ ಹಿಡಿದು, ಐದು ನಿಮಿಷಕ್ಕೊಂದು ರೈಲು ಬಿಟ್ಟರೂ ತಾಸಿಗೆ ಸಾಗುವುದು 24,000 ಜನ. ರಾತ್ರಿ 11.30ಕ್ಕೆ ಪಂದ್ಯ ಮುಗಿದರೆ ಉಳಿದ 56,000 ಜನ ಬೊಮ್ಮಸಂದ್ರದ ನಿಲ್ದಾಣದ ಮುಂದೆ ಕಾಯಬೇಕೇ, ಹೊಸೂರು ರಸ್ತೆಯಲ್ಲಿ ನಿಲ್ಲಬೇಕೇ? ಆ ಕ್ರೀಡಾಂಗಣದ ಮೊದಲ ನಕ್ಷೆ ಸಿದ್ಧವಾಗುವಾಗಲೇ ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಕೊಡಬೇಕು, ಆ ಉತ್ತರವನ್ನು ಟೆಂಡರಿನ ಷರತ್ತುಗಳಲ್ಲಿ ಸೇರಿಸಬೇಕು.